ಹೆದರಿಸಿದ್ದು ಸಾಕು, ಮುಂದೇನು ಮಾಡಬೇಕು ಹೇಳಿ

ನಮಸ್ಕಾರ.

"ಜನರಿಗೆ ಜಾಗೃತಿ ಇಲ್ಲ." ಈ ಮಾತನ್ನು ನೀವೂ ಕೇಳಿರುತ್ತೀರಿ. ಲಸಿಕೆ ಹಾಕಿಸಿಕೊಳ್ಳಲು ಬರಲಿಲ್ಲ, ಜಾಗೃತಿ ಇಲ್ಲ. ಬಿಪಿ ಮಾತ್ರೆ ಅರ್ಧಕ್ಕೇ ಬಿಟ್ಟರು, ಜಾಗೃತಿ ಇಲ್ಲ. ಸಿಗರೇಟು ಬಿಡಲಿಲ್ಲ, ಅದಕ್ಕೂ ಅದೇ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆರೋಗ್ಯದ ವಿಷಯವನ್ನು ಜನರಿಗೆ ಹೇಗೆ ಹೇಳಬೇಕು, ಹೇಳಿದ ಮೇಲೂ ಅವರು ಯಾಕೆ ಮಾಡುವುದಿಲ್ಲ ಅಂತ ಸುಮಾರು ಎಪ್ಪತ್ತು ವರ್ಷಗಳಿಂದ ಅಧ್ಯಯನ ನಡೆಯುತ್ತಿದೆ. ಅದನ್ನು ಓದಿದಷ್ಟೂ ನನಗೆ ಗಟ್ಟಿಯಾಗುತ್ತಿರುವುದು ಒಂದೇ ಅಭಿಪ್ರಾಯ. ಕೇಳುವವರಿಗಿಂತ ಹೇಳುವವರು ತಮ್ಮನ್ನು ಜಾಸ್ತಿ ತಿದ್ದಿಕೊಳ್ಳಬೇಕು.

1950ರ ದಶಕದ ಅಮೆರಿಕದ ಒಂದು ಸಂಗತಿ ನೋಡಿ. ಕ್ಷಯವನ್ನು ಬೇಗ ಪತ್ತೆ ಮಾಡಬೇಕು ಅಂತ ಎಕ್ಸ್-ರೇ ಯಂತ್ರವನ್ನು ವಾಹನದಲ್ಲಿಟ್ಟು ಜನರ ಹತ್ತಿರಕ್ಕೇ ಕಳಿಸುತ್ತಿದ್ದರು. ದುಡ್ಡು ಕೊಡಬೇಕಿರಲಿಲ್ಲ, ದೂರ ಹೋಗಬೇಕಿರಲಿಲ್ಲ. ಆದರೂ ಅಂದುಕೊಂಡಷ್ಟು ಜನ ಬರಲಿಲ್ಲ. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ಗಾಡ್‌ಫ್ರೀ ಹಾಕ್‌ಬಾಮ್ ಎಂಬ ಮನೋವಿಜ್ಞಾನಿ ಜನರನ್ನು ಬೈಯುತ್ತಾ ಕೂರಲಿಲ್ಲ. ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಎರಡು ನಂಬಿಕೆಗಳು ಎದ್ದು ಕಂಡವು. ಈ ರೋಗ ನನಗೂ ಬರಬಹುದು ಅನ್ನುವುದು ಒಂದು. ಬೇಗ ಗೊತ್ತಾದರೆ ನನಗೇ ಒಳ್ಳೆಯದು ಅನ್ನುವುದು ಇನ್ನೊಂದು. ಎರಡೂ ಇದ್ದವರಲ್ಲಿ ಶೇ 82 ಜನ ತಾವಾಗಿಯೇ ಎಕ್ಸ್-ರೇ ತೆಗೆಸಿದ್ದರು. ಎರಡೂ ಇಲ್ಲದವರಲ್ಲಿ ಬರೀ ಶೇ 21.

ಹಾಕ್‌ಬಾಮ್ ಮತ್ತು ಅವರ ಜೊತೆಗಾರರ ಈ ಕೆಲಸದಿಂದಲೇ ಹೆಲ್ತ್ ಬಿಲೀಫ್ ಮಾಡೆಲ್, ಅಂದರೆ ಆರೋಗ್ಯದ ನಂಬಿಕೆಗಳ ಮಾದರಿ, ಹುಟ್ಟಿತು. ಹೆಸರು ದೊಡ್ಡದು, ಒಳಗಿರುವುದು ಸರಳ. ಯಾವುದೇ ಸಲಹೆ ಕಿವಿಗೆ ಬಿದ್ದಾಗ ನಮ್ಮ ಮನಸ್ಸು ಕೆಲವು ಲೆಕ್ಕ ಹಾಕುತ್ತದೆ. ಇದು ನನಗೆ ಬರುತ್ತದಾ? ಬಂದರೆ ಎಷ್ಟು ಕಷ್ಟ? ನೀವು ಹೇಳಿದ ಹಾಗೆ ಮಾಡಿದರೆ ನನಗೇನು ಲಾಭ? ಮಾಡಲು ಏನೇನು ಅಡ್ಡ ಬರುತ್ತದೆ? ಈಗಲೇ ಎದ್ದು ಹೊರಡುವಂತೆ ಯಾರಾದರೂ, ಏನಾದರೂ ನೆನಪಿಸುತ್ತದಾ? 1988ರಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿತು. ನನ್ನ ಕೈಯಲ್ಲಿ ಇದು ಆಗುತ್ತದಾ? ಈ ಕೊನೆಯದು ಆಲ್ಬರ್ಟ್ ಬಂಡೂರಾ ಎಂಬ ಮನೋವಿಜ್ಞಾನಿಯ ವಿಚಾರ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ.

ಈಗ ನಮ್ಮ ಕಣ್ಣಿಗೆ ಬೀಳುವ ಆರೋಗ್ಯ ಜಾಹೀರಾತುಗಳನ್ನು ನೆನಪಿಸಿಕೊಳ್ಳಿ. ಅವು ಈ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಕೊಡುತ್ತವೆ? ಹೆಚ್ಚಿನವು ಒಂದಕ್ಕೇ. ಬಂದರೆ ಎಷ್ಟು ಕಷ್ಟ ಅನ್ನುವುದಕ್ಕೆ. ಕಪ್ಪಾದ ಶ್ವಾಸಕೋಶ, ಅಳುತ್ತಿರುವ ಮಗು, ಮೇಲೊಂದು ಎಚ್ಚರಿಕೆ. ಅಷ್ಟಕ್ಕೇ ಮುಗಿಯಿತು.

ಹೆದರಿಸಿದರೆ ಜನ ಬದಲಾಗುತ್ತಾರಾ? ಇದನ್ನು ತುಂಬ ಹಿಂದೆಯೇ ಪರೀಕ್ಷೆ ಮಾಡಿದ್ದಾರೆ. 1953ರಲ್ಲಿ ಜಾನಿಸ್ ಮತ್ತು ಫೆಶ್‌ಬಾಕ್ ಎಂಬ ಸಂಶೋಧಕರು ಹೈಸ್ಕೂಲ್ ಮಕ್ಕಳಿಗೆ ಹಲ್ಲಿನ ಆರೈಕೆಯ ಬಗ್ಗೆ ಮೂರು ಥರದ ಪಾಠ ಮಾಡಿಸಿದರು. ಒಂದರಲ್ಲಿ ಭಯ ಜಾಸ್ತಿ, ಒಂದರಲ್ಲಿ ಸಾಧಾರಣ, ಒಂದರಲ್ಲಿ ತೀರಾ ಕಡಿಮೆ. ಜಾಸ್ತಿ ಹೆದರಿದ ಮಕ್ಕಳು ಹೆಚ್ಚು ಚಿಂತೆ ಮಾಡಿದರು. ಆದರೆ ಹೇಳಿದ್ದನ್ನು ಹೆಚ್ಚು ಪಾಲಿಸಿದವರು ಕಡಿಮೆ ಭಯದ ಪಾಠ ಕೇಳಿದ ಮಕ್ಕಳು.

ಮುಂದಿನ ಪ್ರಯೋಗಗಳೆಲ್ಲ ಇದೇ ಉತ್ತರ ಕೊಡಲಿಲ್ಲ, ಭಯ ಕೆಲಸ ಮಾಡಿದ ಉದಾಹರಣೆಗಳೂ ಬಂದವು. ಅವುಗಳಲ್ಲಿ 1965ರ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಹೋವರ್ಡ್ ಲೆವೆಂತಾಲ್ ಮತ್ತು ಜೊತೆಗಾರರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯು ಬಗ್ಗೆ ಕಿರುಪುಸ್ತಕ ಕೊಟ್ಟರು. ಕೆಲವರಿಗೆ ತುಂಬ ಹೆದರಿಸುವ ಪುಸ್ತಕ, ಕೆಲವರಿಗೆ ಸೌಮ್ಯವಾದದ್ದು. ಎಲ್ಲರಿಗೂ ಹೇಳಿದ್ದು ಒಂದೇ, ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂತ. ಆದರೆ ಕೆಲವರ ಪುಸ್ತಕದಲ್ಲಿ ಒಂದು ವಿಷಯ ಹೆಚ್ಚಿಗೆ ಇತ್ತು. ಆರೋಗ್ಯ ಕೇಂದ್ರ ಎಲ್ಲಿದೆ ಅಂತ ಗುರುತು ಮಾಡಿದ ನಕ್ಷೆ. ಜೊತೆಗೆ, ನಿಮ್ಮ ವಾರದ ಓಡಾಟ ನೋಡಿಕೊಂಡು ಯಾವಾಗ ಹೋಗುತ್ತೀರಿ, ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಈಗಲೇ ಯೋಚಿಸಿ ಅನ್ನುವ ಮಾತು.

ನಕ್ಷೆ ಇಲ್ಲದವರಲ್ಲಿ ಇಂಜೆಕ್ಷನ್ ಹಾಕಿಸಿಕೊಂಡವರು ಸುಮಾರು ಶೇ 3. ನಕ್ಷೆ ಇದ್ದವರಲ್ಲಿ ಸುಮಾರು ಶೇ 28. ಭಯ ಹೆಚ್ಚಿತ್ತೋ ಕಡಿಮೆಯಿತ್ತೋ ಅನ್ನುವುದು ಈ ಲೆಕ್ಕವನ್ನು ಅಷ್ಟಾಗಿ ಬದಲಿಸಲಿಲ್ಲ. ಇವರೆಲ್ಲ ಅಲ್ಲೇ ಓದುತ್ತಿದ್ದ ಹುಡುಗರು. ಆ ಕೇಂದ್ರ ಎಲ್ಲಿದೆ ಅಂತ ಅವರಲ್ಲಿ ಬಹಳಷ್ಟು ಜನರಿಗೆ ಮೊದಲೇ ಗೊತ್ತಿದ್ದಿರಬೇಕು. ಆದರೂ ನಕ್ಷೆ ಕೆಲಸ ಮಾಡಿತು. "ಯಾವಾಗಲಾದರೂ ಹೋಗೋಣ" ಅನ್ನುವುದು "ಮಂಗಳವಾರ ಕ್ಲಾಸು ಮುಗಿಸಿಕೊಂಡು ಹೋಗೋಣ" ಅಂತ ಆಯಿತು. ಹಾಗಂತ ಬರೀ ನಕ್ಷೆಯೂ ಸಾಲದು. ಅಪಾಯದ ವಿಷಯವನ್ನೇ ಓದದೆ ನಕ್ಷೆ ಮಾತ್ರ ಪಡೆದವರಲ್ಲಿ ಯಾರೂ ಹೋಗಲಿಲ್ಲ.

1992ರಲ್ಲಿ ಕಿಮ್ ವಿಟ್ಟೆ ಎಂಬ ಸಂಶೋಧಕಿ ಈ ಗೊಂದಲವನ್ನೆಲ್ಲ ಒಂದು ಸಿದ್ಧಾಂತಕ್ಕೆ ತಂದರು. ಭಯವಾದಾಗ ಮನುಷ್ಯನ ಮುಂದೆ ಎರಡು ದಾರಿ ಇರುತ್ತವೆ. ಇದಕ್ಕೆ ಪರಿಹಾರ ಇದೆ, ಅದು ನನ್ನ ಕೈಯಲ್ಲಿ ಆಗುತ್ತದೆ ಅನ್ನಿಸಿದರೆ ಅವನು ಅಪಾಯವನ್ನು ನಿಭಾಯಿಸಲು ಹೊರಡುತ್ತಾನೆ. ಹಾಗನ್ನಿಸದಿದ್ದರೆ ಭಯವನ್ನು ಮಾತ್ರ ನಿಭಾಯಿಸಿಕೊಳ್ಳುತ್ತಾನೆ. ಚಾನೆಲ್ ಬದಲಿಸುತ್ತಾನೆ. "ಅದೆಲ್ಲ ಸುಮ್ನೆ ಹೇಳ್ತಾರೆ" ಅನ್ನುತ್ತಾನೆ. ಸಿಗರೇಟು ಪ್ಯಾಕಿನ ಮೇಲಿನ ಚಿತ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದು ಹಚ್ಚುತ್ತಾನೆ. ಹೊರಗಿನಿಂದ ನೋಡುವವರಿಗೆ ಇದು ಅಸಡ್ಡೆಯಂತೆ ಕಾಣುತ್ತದೆ. ಒಳಗೆ ಅವನು ಹೆದರಿರುತ್ತಾನೆ. ಅಂಥವನಿಗೆ ಇನ್ನೂ ಭಯಂಕರವಾದ ಚಿತ್ರ ತೋರಿಸಿದರೆ ಏನಾಗುತ್ತದೆ ಹೇಳಿ? ಹೆಬ್ಬೆರಳು ಇನ್ನೂ ಗಟ್ಟಿಯಾಗಿ ಒತ್ತುತ್ತದೆ.

ಭಯ ಹುಟ್ಟಿಸುವುದು ಚಿತ್ರ ಮಾತ್ರ ಅಲ್ಲ, ಅಂಕಿಗಳೂ ಅದನ್ನೇ ಮಾಡುತ್ತವೆ. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ ಬಂತು. ರಕ್ತ ಹೆಪ್ಪುಗಟ್ಟುವ ಅಪಾಯ ಇವುಗಳಿಂದ ಎರಡು ಪಟ್ಟು ಆಗುತ್ತದೆ ಅಂತ. ಅದು ಸುಳ್ಳಲ್ಲ. ಆದರೆ ನಿಜವಾದ ಲೆಕ್ಕ ಏನು ಗೊತ್ತಾ? 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಹೆದರಿದ ಎಷ್ಟೋ ಹೆಂಗಸರು ಮಾತ್ರೆ ನಿಲ್ಲಿಸಿದರು, ಬೇಡದ ಗರ್ಭ ನಿಂತಿತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಅನ್ನುವ ಅಂದಾಜಿದೆ. "ಎರಡು ಪಟ್ಟು" ಅನ್ನುವವರು ಎಷ್ಟರಲ್ಲಿ ಎಷ್ಟು ಅಂತಲೂ ಹೇಳಲೇಬೇಕು. ಇದರಲ್ಲಿ ರಿಯಾಯಿತಿ ಬೇಡ.

ಇದುವರೆಗೆ ಮಾತಾಡಿದ್ದು ದೊಡ್ಡ ಪ್ರಚಾರಗಳ ಬಗ್ಗೆ. ಡಾಕ್ಟರ ಕೋಣೆಯೊಳಗೆ ನಡೆಯುವುದು ಇನ್ನೂ ಹತ್ತಿರದ ವಿಷಯ, ಅಲ್ವಾ? ಕೇಳಿಸಿಕೊಂಡ ವೈದ್ಯಕೀಯ ಮಾಹಿತಿಯಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ. ಅದರಲ್ಲಿ ಅವಮಾನದ ಮಾತೇನಿಲ್ಲ. ಕಾಯಿಲೆಯ ಹೆಸರು ಕಿವಿಗೆ ಬಿದ್ದ ಮೇಲೆ ಮುಂದಿನ ಮಾತು ಯಾರ ತಲೆಗೂ ಸರಿಯಾಗಿ ಇಳಿಯುವುದಿಲ್ಲ.

ಓದಿ ಹೇಳಿದರೂ ಅರ್ಥವಾಗಿದೆ ಅಂತಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ಕೈಗೆ ಔಷಧಿ ಬಾಟಲಿ ಕೊಟ್ಟರು. ಚೀಟಿಯಲ್ಲಿದ್ದದ್ದು ಇಷ್ಟೇ: ಎರಡು ಮಾತ್ರೆ, ದಿನಕ್ಕೆ ಎರಡು ಸಲ. ಓದು ಕಡಿಮೆ ಬಲ್ಲವರಲ್ಲೂ ಶೇ 71 ಜನ ಅದನ್ನು ಸರಿಯಾಗಿ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ ನುಂಗಬೇಕು, ಎಣಿಸಿ ತೋರಿಸಿ ಅಂದಾಗ ಸರಿಯಾಗಿ ತೋರಿಸಿದವರು ಶೇ 35. ಎದುರಿಗೆ ಕೂತು "ಅರ್ಥ ಆಯ್ತಾ?" ಅಂತ ಕೇಳಿದರೆ ಇವರೆಲ್ಲ ಏನನ್ನುತ್ತಾರೆ? "ಆಯ್ತು ಡಾಕ್ಟ್ರೇ." ಎದ್ದು ಹೋಗುತ್ತಾರೆ.

ಹಾಗಾಗಿ ಆ ಪ್ರಶ್ನೆಯನ್ನೇ ಬಿಡಬೇಕು. "ಮನೆಗೆ ಹೋದ ಮೇಲೆ ಇದನ್ನು ಹೇಗೆ ತಗೊಳ್ತೀರಿ, ನನಗೊಮ್ಮೆ ಹೇಳಿ. ನಾನು ಸರಿಯಾಗಿ ಹೇಳಿದ್ದೀನಾ ಅಂತ ನೋಡಬೇಕು." ಹೀಗೆ ಕೇಳುವ ವಿಧಾನಕ್ಕೆ ಟೀಚ್-ಬ್ಯಾಕ್ ಅನ್ನುತ್ತಾರೆ. ಪರೀಕ್ಷೆ ನಡೆಯುವುದು ಡಾಕ್ಟರ ಮಾತಿಗೆ. ತಪ್ಪು ಹೇಳಿದರೆ ರೋಗಿ ತಲೆ ತಗ್ಗಿಸಬೇಕಾಗಿಲ್ಲ, ಡಾಕ್ಟರು ಇನ್ನೊಮ್ಮೆ ಬೇರೆ ಥರ ಹೇಳಬೇಕು ಅಷ್ಟೇ.

ಇಷ್ಟೆಲ್ಲ ಹೇಳಿದರೂ ಈ ಸಿದ್ಧಾಂತಗಳ ಬಗ್ಗೆ ನನಗೊಂದು ತಕರಾರಿದೆ. ಇವು ಎಲ್ಲವನ್ನೂ ಒಬ್ಬ ಮನುಷ್ಯನ ತಲೆಯೊಳಗೇ ಹುಡುಕುತ್ತವೆ. ರಜೆ ಹಾಕಿದರೆ ಸಂಬಳ ಕತ್ತರಿಸುವ ಕಡೆ ದುಡಿಯುವವಳಿಗೆ ನಂಬಿಕೆ ಎಷ್ಟಿದ್ದರೇನು? ಅವಳಿಗೆ ಬೇಕಾಗಿರುವುದು ಕೆಲಸ ಮುಗಿದ ಮೇಲೂ ಬಾಗಿಲು ತೆರೆದಿರುವ ಆಸ್ಪತ್ರೆ. ಅಡ್ಡಿಗಳು ಅಂತ ಹೆಲ್ತ್ ಬಿಲೀಫ್ ಮಾಡೆಲ್‌ನಲ್ಲಿ ಒಂದು ಸಾಲು ಇದೆ ನಿಜ. ಆ ಸಾಲನ್ನು ಸರಿಪಡಿಸಬೇಕಾದವರು ರೋಗಿಗಳಲ್ಲ.

ಇನ್ನು ಡಾಕ್ಟರುಗಳು ಹೇಳುವ ಮಾತು, "ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅವರ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ಡಾಕ್ಟರು-ರೋಗಿಗಳ 74 ಭೇಟಿಗಳ ಮಾತುಕತೆ ಕೇಳಿ ನೋಡಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕಿದ್ದರು. ಬಿಟ್ಟರೆ ಗಂಟೆಗಟ್ಟಲೆ ಮಾತಾಡುತ್ತಾರೆ ಅನ್ನುವ ಭಯ ಅದು. 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದನ್ನೂ ಪರೀಕ್ಷೆ ಮಾಡಿದರು. ಡಾಕ್ಟರು ಮಧ್ಯೆ ಮಾತಾಡದೆ ಗಡಿಯಾರ ಒತ್ತಿ ಕೂತರು. 335 ರೋಗಿಗಳು. ತಾವಾಗಿಯೇ ಮಾತು ಮುಗಿಸಲು ಅವರು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದ್ದರು.