ಹಳ್ಳದ ಮೀನು ಮನೆಯ ಗಾಜಿನ ತೊಟ್ಟಿಯಲ್ಲಿ ಯಾಕೆ ಸಾಯುತ್ತೆ?

[ದೃಶ್ಯ: ಗದ್ದೆ ಪಕ್ಕದ ಸಣ್ಣ ಕಾಲುವೆ. ಮಳೆ ಈಗಷ್ಟೇ ನಿಂತಿದೆ. ನೀರಿನ ಮೇಲೆ ಒಂದು ಬೆಳ್ಳಿ ಚುಕ್ಕೆ ಮೆಲ್ಲಗೆ ಸರಿಯುತ್ತದೆ.]

ಆ ಚುಕ್ಕೆ ಕಾಣಿಸ್ತಾ? ಅದು ಗುಳ್ಳೆ ಅಲ್ಲ, ಮೀನಿನ ನೆತ್ತಿ. ಅದರ ಹತ್ತಿರ ಆಮೇಲೆ ಬರೋಣ.

ನಮಸ್ಕಾರ. ಕಳೆದ ಮಳೆಗಾಲದಲ್ಲಿ ನೋಡುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ಅಂಗಡಿಯಿಂದ ತಂದ ಗೋಲ್ಡ್ ಫಿಶ್ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಆರಾಮಾಗಿದೆ. ಊರಿನ ಹಳ್ಳದಿಂದ ತಂದ ಮೀನು ಎರಡೇ ದಿನಕ್ಕೆ ಸತ್ತುಹೋಯಿತು. ನಮ್ಮೂರಿನ ಮೀನಿಗೆ ನಮ್ಮೂರಿನ ನೀರೇ ಒಗ್ಗಲಿಲ್ವಾ?"

ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಯಾಕೆಂದರೆ ಚಿಕ್ಕಂದಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಅಜ್ಜಿ ಮನೆಯ ತೋಟದ ಹಳ್ಳದಲ್ಲಿ ಬೆರಳುದ್ದದ ಆರು ಮೀನು ಹಿಡಿದು, ಹಾರ್ಲಿಕ್ಸ್ ಬಾಟಲಿಗೆ ಕುತ್ತಿಗೆಮಟ್ಟ ನೀರು ತುಂಬಿ, ಅದರೊಳಗೆ ಬಿಟ್ಟಿದ್ದೆ. ರಾತ್ರಿ ಎಲ್ಲವೂ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ನನ್ನ ಹತ್ತಿರ ಮಾತಾಡುತ್ತಿವೆ ಅಂದುಕೊಂಡೆ. ಬೆಳಗ್ಗೆ ಎದ್ದಾಗ ಆರೂ ತೇಲುತ್ತಿದ್ದವು. ಅವು ಉಸಿರಿಗಾಗಿ ಒದ್ದಾಡುತ್ತಿದ್ದವು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಮೊದಲು ಗೋಲ್ಡ್ ಫಿಶ್ ವಿಷಯ ಮುಗಿಸಿಬಿಡೋಣ. ಚೀನಾದಲ್ಲಿ ಸುಮಾರು ಸಾವಿರ ವರ್ಷದಿಂದ ಜನ ಅದನ್ನು ಕೊಳದಲ್ಲಿ, ಕುಂಡದಲ್ಲಿ ಸಾಕಿ, ಆರಿಸಿ, ಮರಿ ಮಾಡಿಸಿದ್ದಾರೆ. ಮನುಷ್ಯರ ಜೊತೆ ಬದುಕಿ ಅದಕ್ಕೆ ಅಭ್ಯಾಸ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನೀರಿನಲ್ಲಿ ಆಮ್ಲಜನಕ ಖಾಲಿಯಾದರೂ ಗೋಲ್ಡ್ ಫಿಶ್ ಕೆಲ ಕಾಲ ಬದುಕುತ್ತದೆ. ತನ್ನ ಮೈಯಲ್ಲೇ ಆಲ್ಕೋಹಾಲ್ ತಯಾರಿಸಿ ಕಿವಿರಿನ ಮೂಲಕ ಹೊರಗೆ ಬಿಡುತ್ತದೆ. ಹಿಮ ಮುಚ್ಚಿದ ಕೊಳದಡಿಯಲ್ಲಿ ಚಳಿಗಾಲ ಕಳೆಯಲು ಅದರ ವಂಶ ಕಲಿತ ಉಪಾಯ ಇದು. ಹಾಗಾಗಿ ಗೋಲ್ಡ್ ಫಿಶ್ ಬದುಕಿದೆ ಅಂದಮಾತ್ರಕ್ಕೆ ನಿಮ್ಮ ತೊಟ್ಟಿಯ ನೀರು ಚೆನ್ನಾಗಿದೆ ಅಂತ ಅಲ್ಲ.

ಈಗ ಹಳ್ಳದ ಮೀನು. ಅದು ಹುಟ್ಟಿದಾಗಿನಿಂದ ಕಲ್ಲಿಗೆ ಬಡಿದು ನೊರೆಯೇಳುವ ನೀರಿನಲ್ಲಿ ಇದೆ. ಆ ನೀರಿಗೆ ಗಾಳಿ ಬೆರೆಯುತ್ತಲೇ ಇರುತ್ತದೆ. ಮರದ ನೆರಳಲ್ಲಿ ತಣ್ಣಗೂ ಇರುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಬಾಟಲಿಯಲ್ಲಿ ನೀರು ಬೆಚ್ಚಗಿದೆ, ಅಲುಗಾಡುವುದಿಲ್ಲ, ಆರು ಮೀನು ಒಟ್ಟಿಗೆ ಉಸಿರಾಡುತ್ತಿವೆ. ಮೇಲಾಗಿ ಬಾಟಲಿಯ ಕುತ್ತಿಗೆ ಕಿರಿದು. ಗಾಳಿ ನೀರಿಗೆ ಇಳಿಯುವುದು ಮೇಲ್ಮೈಯಿಂದ ತಾನೇ? ಕುತ್ತಿಗೆಮಟ್ಟ ತುಂಬಿದರೆ ಆ ಮೇಲ್ಮೈ ಬಾಟಲಿಯ ಕುತ್ತಿಗೆಯಷ್ಟೇ ಕಿರಿದು. ದುಂಡು ಬೋಗುಣಿಯಾದರೂ ಅರ್ಧಕ್ಕೆ ತುಂಬಿದರೆ ಮೇಲ್ಮೈ ಅಗಲ ಸಿಗುತ್ತದೆ. ಬಾಯಿಮಟ್ಟ ತುಂಬಿದರೆ ಅದೂ ಹೋಯಿತು.

ಮೂಲ ಪಾಠ ಬೇಗ ಹೇಳಿಬಿಡ್ತೀನಿ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ, ಅದು ವಿಷ. ಫಿಲ್ಟರ್ ಮತ್ತು ಜಲ್ಲಿಯ ಮೇಲೆ ಬೆಳೆಯುವ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಹನಿ ಸಿಗುತ್ತದೆ. ಬೋರ್‌ವೆಲ್ ನೀರಾದರೆ ಒಂದು ರಾತ್ರಿ ಗಾಳಿ ಪಂಪು ಓಡಿಸಿ ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಇಷ್ಟು ಸಾಕು, ಮುಂದೆ ಹೋಗೋಣ. ನನಗೆ ಹೇಳಬೇಕಾಗಿರುವುದು ಬೇರೆ.

ಮೀನಿನ ಬಾಯಿ ನೋಡಿದರೆ ಅದರ ಮನೆ ವಿಳಾಸ ಗೊತ್ತಾಗುತ್ತದೆ.

[ದೃಶ್ಯ: ಮೂರು ಮೀನಿನ ರೇಖಾಚಿತ್ರ, ಒಂದರ ಕೆಳಗೊಂದು.]

ಬಾಯಿ ಕೆಳಗಿದ್ದು, ಹೊಟ್ಟೆ ಚಪ್ಪಟೆಯಿದ್ದು, ಪಕ್ಕದ ರೆಕ್ಕೆ ಬೀಸಣಿಗೆಯ ಹಾಗೆ ಹರಡಿದ್ದರೆ ಅದು ಜೋರು ನೀರಿನಲ್ಲಿ ಬಂಡೆಗೆ ಅಂಟಿಕೊಂಡು ಪಾಚಿ ಕೆರೆಯುವ ಮೀನು. ಪಶ್ಚಿಮ ಘಟ್ಟದ ಭವಾನಿಯಾ ಇಂಥದ್ದು. ದಯವಿಟ್ಟು ಮನೆಗೆ ತರಬೇಡಿ, ಅಷ್ಟು ಹರಿವು ಕೊಡುವುದು ತುಂಬಾ ಕಷ್ಟ. ಬಾಯಿ ಮೂತಿಯ ತುದಿಯಲ್ಲಿದ್ದು, ಮೈ ದೋಣಿಯಂತೆ ಇದ್ದರೆ ಅದು ನಡುನೀರಿನದು, ಗುಂಪಿನಲ್ಲಿ ಓಡುವ ಜಾತಿ. ನಮ್ಮ ಪಕ್ಕೆ ಮೀನುಗಳು, ಅಂದರೆ ಬಾರ್ಬ್‌ಗಳು, ಹೀಗೆ. ಬಾಯಿ ಆಕಾಶದ ಕಡೆ ತೆರೆದಿದ್ದರೆ?

[ದೃಶ್ಯ: ಮೊದಲು ನೋಡಿದ ಬೆಳ್ಳಿ ಚುಕ್ಕೆ. ಕ್ಯಾಮೆರಾ ನೀರೊಳಗೆ ಇಳಿಯುತ್ತದೆ.]

ಇದು ಪಂಚಾಕ್ಸ್. ವೈಜ್ಞಾನಿಕ ಹೆಸರು ಅಪ್ಲೋಕೈಲಸ್ ಲಿನಿಯೇಟಸ್. ಹೆಚ್ಚೆಂದರೆ 10 ಸೆಂಟಿಮೀಟರ್. ಕರಾವಳಿ, ಮಲೆನಾಡಿನ ಕಾಲುವೆ, ಗದ್ದೆ, ಕೆರೆಯಂಚಿನಲ್ಲಿ ನೀವು ಖಂಡಿತ ನೋಡಿರುತ್ತೀರಿ, ಗಮನಿಸಿರುವುದಿಲ್ಲ. ಬೆನ್ನು ನೋಡಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ. ನೀರಿನ ಮೇಲ್ಪದರಕ್ಕೆ ತಾಗಿಕೊಂಡು ನಿಲ್ಲಲು ಹಾಗೆ. ಬೆನ್ನಿನ ರೆಕ್ಕೆ ಬಾಲದ ಹತ್ತಿರ ಹೋಗಿ ಕೂತಿದೆ. ಬಾಣದ ಗರಿ ಹಿಂದೆ ಇರುತ್ತಲ್ಲ, ಹಾಗೆ. ಮಲಯಾಳದಲ್ಲಿ ಇದನ್ನು 'ಮಾನತ್ತುಕಣ್ಣಿ' ಅಂತಾರೆ. ಮಾನ ಅಂದರೆ ಬಾನು. ಬಾನಿನ ಕಡೆ ಕಣ್ಣಿಟ್ಟವಳು! ಇದಕ್ಕಿಂತ ಚಂದದ ಹೆಸರು ಯಾವ ಮೀನಿಗಿದೆ ಹೇಳಿ.

ಈಗ ನನಗೆ ತುಂಬಾ ಇಷ್ಟವಾದ ಸಂಗತಿ. ಒಂದು ಇರುವೆ ಎಲೆಯಿಂದ ಜಾರಿ ನೀರಿಗೆ ಬಿತ್ತು ಅಂದುಕೊಳ್ಳಿ. ಕತ್ತಲೆ. ಏನೂ ಕಾಣುವುದಿಲ್ಲ. ಇರುವೆ ಕಾಲು ಬಡಿಯುತ್ತದೆ, ಕೂದಲೆಳೆಯಷ್ಟು ಸಣ್ಣ ಅಲೆ ಏಳುತ್ತದೆ. ಪಂಚಾಕ್ಸ್ ಥಟ್ಟನೆ ತಿರುಗಿ, ನೇರ ಇರುವೆಯ ಹತ್ತಿರವೇ ಹೋಗುತ್ತದೆ. ಕಣ್ಣಿಂದ ಅಲ್ಲ. ಅದರ ತಲೆಯ ಮೇಲೆ ಅಲೆಯನ್ನು ಮುಟ್ಟಿ ತಿಳಿಯುವ ಸಣ್ಣ ಸಣ್ಣ ಅಂಗಗಳಿವೆ. 1980ರ ದಶಕದಲ್ಲಿ ಜರ್ಮನಿಯ ಹೋರ್ಸ್ಟ್ ಬ್ಲೆಕ್‌ಮನ್ ಮತ್ತು ಜೊತೆಗಾರರು ಇದೇ ಮೀನನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಅದೇ, ನಮ್ಮ ಗದ್ದೆ ಕಾಲುವೆಯ ಮೀನು!

ದಿಕ್ಕು ತಿಳಿಯುವುದು ಸರಿ, ಯಾವ ಅಂಗಕ್ಕೆ ಅಲೆ ಮೊದಲು ತಾಗಿತು ಅಂತ ನೋಡಿದರಾಯಿತು. ಆದರೆ ದೂರ? ಇರುವೆ ಎರಡು ಇಂಚು ಆಚೆ ಇದೆಯೋ, ಆರು ಇಂಚೋ? ಅದೂ ಅದಕ್ಕೆ ಗೊತ್ತಾಗುತ್ತದೆ. ಹೇಗೆ ಅಂದರೆ, ರಾತ್ರಿ ದೂರದ ಬಯಲಲ್ಲಿ ಯಕ್ಷಗಾನ ನಡೆಯುತ್ತಿದೆ ಅಂದುಕೊಳ್ಳಿ. ಮನೆ ಅಂಗಳದಲ್ಲಿ ನಿಂತರೆ ಬರೀ ದಪ್ಪ ಸದ್ದು, ಗುಡುಗಿದ ಹಾಗೆ. ಬದು ದಾಟಿ ಹತ್ತಿರ ಹೋಗುತ್ತಾ ಹೋದಂತೆ ಚಂಡೆಯ ಪೆಟ್ಟು ಬಿಡಿಬಿಡಿಯಾಗುತ್ತದೆ. ಇನ್ನೂ ಹತ್ತಿರ ಹೋದರೆ ತಾಳದ ಕಿಣಿಕಿಣಿ, ಗೆಜ್ಜೆ. ಚೂಪಾದ ಸದ್ದು ದಾರಿಯಲ್ಲೇ ಸವೆದುಹೋಗುತ್ತದೆ, ದಪ್ಪ ಸದ್ದು ದೂರ ಬರುತ್ತದೆ. ಕಣ್ಣು ಮುಚ್ಚಿಕೊಂಡೇ ಆಟ ಎಷ್ಟು ದೂರದಲ್ಲಿದೆ ಅಂತ ನೀವು ಹೇಳಬಹುದು, ಅಲ್ವಾ? ನೀರಿನ ಅಲೆಯೂ ಹಾಗೆಯೇ. ಸಣ್ಣ, ವೇಗದ ಕಂಪನ ಬೇಗ ಸತ್ತುಹೋಗುತ್ತದೆ. ದೂರದಿಂದ ಬಂದ ಅಲೆಯಲ್ಲಿ ನಿಧಾನದ್ದೇ ಜಾಸ್ತಿ ಉಳಿದಿರುತ್ತದೆ. ಅಲೆಯ ಈ ಸ್ವಭಾವ ನೋಡಿಯೇ ಪಂಚಾಕ್ಸ್ ಲೆಕ್ಕ ಹಾಕುತ್ತದೆ. ಬೆರಳುದ್ದದ ಮೀನು!

ಇದನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣ ಇದೆ. ಈ ಮೀನಿರುವ ತೊಟ್ಟಿಗೆ ನೀವು ದೊಡ್ಡ ಫಿಲ್ಟರ್ ಹಾಕಿ, ಮೇಲಿನಿಂದ ನೀರು ಧೋ ಅಂತ ಸುರಿಸಿದರೆ ಏನಾಗುತ್ತೆ? ಇಡೀ ದಿನ ಕಿವಿ ಪಕ್ಕದಲ್ಲಿ ಲೌಡ್‌ಸ್ಪೀಕರ್ ಹಚ್ಚಿದ ಹಾಗೆ. ನಡುನೀರಿನ ಪಕ್ಕೆ ಮೀನಿಗೆ ಅದೇ ಹರಿವು ಜೀವ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಹಿಂಸೆ. ನಾವು ಮೀನಿಗೆ ಮುಂಚೆ ಅದರ ನೀರನ್ನು ಮನೆಗೆ ತರಬೇಕು. ನಮಗೆ ಪ್ರಶ್ನೆ ಕಳಿಸಿದವರ ಮನೆಯಲ್ಲಿ ತಪ್ಪಿದ್ದು ಇಲ್ಲೇ. ಊರು ಒಂದೇ ಆಗಿತ್ತು, ನೀರು ಬೇರೆ ಆಗಿತ್ತು.

ಹಾಗಾದರೆ ಶುರು ಮಾಡುವವರಿಗೆ ನನ್ನ ಆಯ್ಕೆ ಪಂಚಾಕ್ಸ್. ಎರಡು ಅಡಿ ಉದ್ದ, ಒಂದಡಿ ಅಗಲದ ತೊಟ್ಟಿ, ನಾಲ್ಕೈದು ಮೀನು. ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್. ಮೇಲೆ ಒಂದು ಹಿಡಿ ಅಂತರಗಂಗೆ ಗಿಡ ತೇಲಿಬಿಡಿ. ಅದರ ಬೇರಿನ ಜಡೆಯಲ್ಲೇ ಮೊಟ್ಟೆ ಅಂಟಿಸುತ್ತವೆ, ಸುಮಾರು ಎರಡು ವಾರಕ್ಕೆ ಮರಿ. ಮರಿಗಳನ್ನು ಬೇರೆ ಮಾಡಿ, ಇಲ್ಲದಿದ್ದರೆ ದೊಡ್ಡವು ತಿಂದುಬಿಡುತ್ತವೆ. ಸಣ್ಣ ಮೀನುಗಳ ಜೊತೆಯೂ ಬೇಡ. ಮುಚ್ಚಳ ಮಾತ್ರ ಬಿಗಿ ಇರಲಿ. ನೀರು ಬದಲಿಸುವಾಗ ಎರಡು ನಿಮಿಷ ಮುಚ್ಚಳ ತೆಗೆದಿಟ್ಟು ಫೋನ್ ಎತ್ತಿಕೊಳ್ಳಲು ಹೋಗಿದ್ದೆ. ವಾಪಸ್ ಬಂದಾಗ ಒಂದು ನೆಲದ ಮೇಲಿತ್ತು. ಒದ್ದೆ ಕೈಯಲ್ಲಿ ಎತ್ತಿ ಬಿಟ್ಟೆ, ಬದುಕಿತು.

ಊಟ? ಸೊಳ್ಳೆ ಮರಿ ಅಂದರೆ ಪ್ರಾಣ. ಆದರೆ ಅದಕ್ಕಂತಲೇ ಬಕೆಟ್‌ನಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಕಾಲ. ಒಣ ಹುಳ, ತೇಲುವ ಸಣ್ಣ ಕಾಳು ಸಾಕು. ಇಲ್ಲಿ ಒಂದು ಬೇಜಾರಿನ ಮಾತು ಹೇಳಲೇಬೇಕು. ಸೊಳ್ಳೆ ಮರಿ ತಿನ್ನಲಿ ಅಂತ ನಾವು ಬಾವಿ, ಕೆರೆಗಳಿಗೆ ಬಿಟ್ಟದ್ದು ಉತ್ತರ ಅಮೆರಿಕದ ಗ್ಯಾಂಬೂಸಿಯ ಮತ್ತು ದಕ್ಷಿಣ ಅಮೆರಿಕದ ಗಪ್ಪಿಯನ್ನು. ಅದೇ ಕೆಲಸ ಮಾಡುವ ಮೀನು ಪಕ್ಕದ ಕಾಲುವೆಯಲ್ಲೇ ಇತ್ತು.

ಎಲ್ಲಿಂದ ತರುವುದು? ಮೊದಲು ಅಂಗಡಿಯಲ್ಲೇ ನೋಡಿ. ಮೂಲೆಯ ತೊಟ್ಟಿಯಲ್ಲಿ ನೀಲಿ ಪಟ್ಟೆಯ ಜೀಬ್ರಾ ಡೇನಿಯೋ ಇರುತ್ತಲ್ಲ, ತೀರಾ ಕಡಿಮೆ ಬೆಲೆಗೆ? ಅದು ನಮ್ಮ ದೇಶದ ಮೀನು. ಇವತ್ತು ಪ್ರಪಂಚದ ಲ್ಯಾಬ್‌ಗಳಲ್ಲೆಲ್ಲ ಇರುವ ಜೀಬ್ರಾ ಮೀನು ಇದೇ. ಇದನ್ನು 1822ರಲ್ಲಿ ಮೊದಲು ವಿವರಿಸಿ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ, ಕೆನರಾ, ಮಲಬಾರ್ ಸುತ್ತಿ ಬೆಳೆ, ಜನ, ನೆಲ ಎಲ್ಲ ಬರೆದಿಟ್ಟ ಅದೇ ಬುಕಾನನ್. ರೋಸಿ ಬಾರ್ಬ್ ಕೂಡ ನಮ್ಮದೇ, ಅದನ್ನೂ ವಿವರಿಸಿದ್ದು ಇವರೇ. ನಿಮ್ಮ ಮನೆಯಲ್ಲಿ ಈಗಾಗಲೇ ದೇಶಿ ಮೀನು ಇದ್ದರೂ ಇರಬಹುದು. ಇವೆಲ್ಲ ಫಾರಂನಲ್ಲಿ ಮರಿ ಮಾಡಿದವು, ತೊಟ್ಟಿಗೆ ಒಗ್ಗಿದವು, ಹಳ್ಳಕ್ಕೆ ನಷ್ಟ ಇಲ್ಲ.

ಹಳ್ಳದಿಂದ ಹಿಡಿಯುವುದರ ಬಗ್ಗೆ ಸಮಯ ಕಡಿಮೆ ಇದೆ, ಒಟ್ಟಿಗೆ ಹೇಳ್ತೀನಿ. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಏರುತ್ತದಲ್ಲ, ಆಗ ಮುಟ್ಟಬೇಡಿ. ಕೂಣಿ ಅನ್ನುವ ಮೀನು ಹಿಡಿಯುವ ಬುಟ್ಟಿ ಒಡ್ಡಿ ಹಿಡಿಯುವುದು ಮಲೆನಾಡಿನ ಹಳೆಯ ರೂಢಿ, ಗೊತ್ತು. ಆದರೆ ಅವು ಹೊಟ್ಟೆ ತುಂಬಾ ಮೊಟ್ಟೆ ಹೊತ್ತು ಗದ್ದೆಗೆ ಹೋಗುತ್ತಿರುವ ತಾಯಂದಿರು. ಅಭಯಾರಣ್ಯದ ಹೊಳೆ, ಶೃಂಗೇರಿ, ಶಿಶಿಲದಂಥ ದೇವರ ಮೀನಿನ ಜಾಗ, ಅದರ ಮಾತೇ ಬೇಡ. ಮಿಸ್ ಕೇರಳ ಅಂತ ಕರೆಯುವ ಕೆಂಪು ಗೆರೆಯ ಡೆನಿಸನ್ ಬಾರ್ಬ್ ನಮ್ಮ ದಕ್ಷಿಣದ ಹೊಳೆಗಳಲ್ಲೂ ಇದೆ. ಎಷ್ಟೇ ಆಸೆಯಾದರೂ ಹೊಳೆಯಿಂದ ಅದನ್ನು ತೆಗೆಯಬೇಡಿ. ಅಳಿವಿನ ಅಂಚಿನಲ್ಲಿರುವ ಮೀನು ಅದು. 2005ರಿಂದ 2012ರ ನಡುವೆ ಭಾರತದಿಂದ ಹೊರದೇಶಕ್ಕೆ ಹೋದ ಅಪಾಯದಲ್ಲಿರುವ ಸಿಹಿನೀರಿನ ಮೀನು ಕನಿಷ್ಠ 15 ಲಕ್ಷ. ಅದರಲ್ಲಿ ದೊಡ್ಡ ಪಾಲು ಈ ಕೆಂಪು ಗೆರೆಯ ಬಳಗದ್ದೇ.

ಸಾಕಲು ಆಗದಿದ್ದರೆ ಕೆರೆಗೆ ಬಿಡಬೇಡಿ. ದೇಶಿ ಮೀನನ್ನೂ ಬಿಡಬೇಡಿ. ಕಾವೇರಿಯ ಮೀನಿಗೆ ತುಂಗೆ ಬೇರೆ ದೇಶ. ಮನೆ ತೊಟ್ಟಿಯ ರೋಗವೂ ಅದರ ಜೊತೆ ಹೋಗುತ್ತದೆ. ಇನ್ನೊಬ್ಬ ಸಾಕುವವರಿಗೆ ಕೊಡಿ.

ಕರಾವಳಿಯ ಹಿನ್ನೀರಿನ ಆರೆಂಜ್ ಕ್ರೋಮೈಡ್ ಬಗ್ಗೆ ಹೇಳಬೇಕು ಅಂತಿದ್ದೆ. ಅದರ ಮರಿಗಳು ಅಪ್ಪ ಅಮ್ಮನ ಮೈಗೆ ಮೂತಿ ತಾಗಿಸಿ, ಚರ್ಮದ ಲೋಳೆ ತಿಂದು ಬೆಳೆಯುತ್ತವೆ. ಅದಕ್ಕೆ ಒಂದು ಪೂರ್ತಿ ವಿಡಿಯೋ ಬೇಕು, ಮುಂದಿನ ಸಲ.

[ದೃಶ್ಯ: ಮನೆಯ ತೊಟ್ಟಿ, ರಾತ್ರಿ. ಕೋಣೆಯ ದೀಪ ಆರಿದೆ.]

ಕೊನೆಗೆ ಇದೊಂದು ನೋಡಿ. ನಮ್ಮ ಮನೆ, ರಾತ್ರಿ ಹತ್ತು ಗಂಟೆ, ದೀಪ ಆರಿಸಿದ್ದೀನಿ. ಅಂತರಗಂಗೆಯ ಎಲೆ ಮೇಲೆ ಒಂದು ಇರುವೆ ಬಿಡ್ತಾ ಇದ್ದೀನಿ. ಈ ಮೂಲೆಯ ಬೆಳ್ಳಿ ಚುಕ್ಕೆ ಮೇಲೆ ಕಣ್ಣಿಟ್ಟಿರಿ. ಇರುವೆ ಅಂಚಿಗೆ ಬಂತು... ಜಾರಿತು...

[ದೃಶ್ಯ: ಚುಕ್ಕೆ ತಿರುಗುತ್ತದೆ. ಒಂದು ಸಣ್ಣ 'ಟಪ್' ಸದ್ದು. ನೀರು ಮತ್ತೆ ಸಮವಾಗುತ್ತದೆ.]