ಶಾಲೆಗೆ ಮರಳುವ ಮಗು ಯಾರ ಬಳಿ ಹೋಗಬೇಕು?

ನಮಸ್ಕಾರ. ಪೊಲೀಸ್ ಕೇಸಾಗಿ, ಒಂದಷ್ಟು ದಿನ ವೀಕ್ಷಣಾಲಯದಲ್ಲಿ, ಅಂದರೆ ಕೇಸಿನ ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಕಡೆ ಇದ್ದು, ಮತ್ತೆ ಶಾಲೆಗೆ ಬರುವ ಮಕ್ಕಳ ಬಗ್ಗೆ ಇವತ್ತು ಮಾತಾಡುತ್ತೇನೆ. ಇವರಿಗೆ ಶಾಲೆ ಏನು ಮಾಡಬೇಕು ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಕೌನ್ಸೆಲಿಂಗ್ ಮಾಡಿಸಿ, ಶಿಸ್ತು ಕಲಿಸಿ, ಒಂದು ಕಣ್ಣಿಟ್ಟಿರಿ. ನಾನು ಕೇಳುವುದು ಇದಕ್ಕಿಂತ ಸಣ್ಣದು. ಆ ಮಗುವಿಗೆ ಶಾಲೆಯೊಳಗೆ ತನ್ನವರು ಅಂತ ಒಬ್ಬ ದೊಡ್ಡವರು ಬೇಕು. ಅವರನ್ನು ಮಗುವೇ ಆರಿಸಬೇಕು. ಅವರು ಕನಿಷ್ಠ ಒಂದು ವರ್ಷ ಜೊತೆಗಿರಬೇಕು.

ಮಗುವೇ ಆರಿಸಬೇಕು ಅಂತ ಯಾಕೆ ಒತ್ತಿ ಹೇಳುತ್ತೇನೆ ಗೊತ್ತಾ? ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಒಂದು ಪ್ರಯೋಗ ನಡೆಯಿತು. 2021ರಲ್ಲಿ ಅದರ ವರದಿ ಪ್ರಕಟವಾಯಿತು. ಬಂಧನದಿಂದ ಶಾಲೆಗೆ ಮರಳಿದ 47 ಮಕ್ಕಳು ಅದರಲ್ಲಿದ್ದರು. ಶಾಲೆಯಲ್ಲಿ ಯಾರ ಬೆಂಬಲ ನಿನಗೆ ಬೇಕು ಅಂತ ಮಕ್ಕಳನ್ನೇ ಕೇಳಿದರು. ನಿನ್ನ ಬಗ್ಗೆ ಅವರಿಗೆ ಏನು ಗೊತ್ತಿರಬೇಕು, ನಿನ್ನ ಆಸೆ ಏನು, ನಿನಗೆ ಕಷ್ಟವಾಗುತ್ತಿರುವುದು ಯಾವುದು ಅಂತಲೂ ಕೇಳಿದರು. ಆ ಉತ್ತರಗಳನ್ನು ಒಂದೇ ಪುಟದ ಪತ್ರ ಮಾಡಿ, ‘ಈ ಮಗುವಿಗೆ ನಿಮ್ಮ ಸಹಾಯ ಬೇಕು’ ಎಂಬ ಕೋರಿಕೆಯ ಜೊತೆ ಆ ಶಿಕ್ಷಕರಿಗೆ ತಲುಪಿಸಿದರು. ಅಷ್ಟೇ. ಹೋಲಿಸಿ ನೋಡಲು ಕೆಲವು ಮಕ್ಕಳ ವಿಷಯದಲ್ಲಿ ಮಾತ್ರ ಹೀಗೆ ಪತ್ರ ತಲುಪಿಸಿದ್ದರು. ಶಿಕ್ಷಕರಿಗೆ ಪತ್ರ ತಲುಪದ ಮಕ್ಕಳಲ್ಲಿ ಮುಂದಿನ ಸೆಮಿಸ್ಟರ್ ಮುಗಿಯುವುದರೊಳಗೆ ಶೇ. 69ರಷ್ಟು ಮತ್ತೆ ಬಂಧನಕ್ಕೆ ಹೋದರು. ಪತ್ರ ತಲುಪಿದವರಲ್ಲಿ ಹಾಗೆ ಹೋದವರು ಶೇ. 29 ಮಾತ್ರ.

47 ಮಕ್ಕಳು ಅಂದರೆ ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಸಂಶೋಧಕರೂ ಇದನ್ನು ಆರಂಭಿಕ ಪ್ರಯೋಗ ಅಂತಲೇ ಕರೆದಿದ್ದಾರೆ. ಆದರೆ ಇದರಲ್ಲಿ ನಂಬಲಾಗದ್ದು ಏನೂ ಇಲ್ಲ. ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಮಗು ಬರುವ ಮೊದಲೇ ಅದರ ಕೇಸು ಸ್ಟಾಫ್‌ರೂಮಿಗೆ ಬಂದಿರುತ್ತದೆ. ಮೊದಲ ದಿನ ಹಾಜರಿ ಕರೆಯುವಾಗ ಅವನ ಹೆಸರು ಬಂದ ಕೂಡಲೇ ತರಗತಿ ಗಪ್‌ಚುಪ್. ವಾರದೊಳಗೆ ಯಾರದೋ ಫೋನ್ ಕಾಣೆಯಾದರೆ ಮೊದಲು ತೆಗೆಯುವುದು ಅವನ ಬ್ಯಾಗು. ಅವನೂ ಸುಮ್ನೆ ಇರುವುದಿಲ್ಲ, ಎದುರು ಮಾತಾಡುತ್ತಾನೆ. ‘ನೋಡಿದ್ರಾ, ನಾವು ಅಂದುಕೊಂಡ ಹಾಗೇ ಆಯ್ತು’ ಅಂತಾರೆ ದೊಡ್ಡವರು. ಅಂಥ ಕಡೆ ಒಬ್ಬರೇ ಒಬ್ಬ ಶಿಕ್ಷಕರಿಗಾದರೂ ಕೇಸಿಗಿಂತ ಮೊದಲು ಮಗುವಿನ ಮಾತು ಕೈಗೆ ಸಿಕ್ಕರೆ ವ್ಯತ್ಯಾಸ ಆಗದೇ ಇರುತ್ತದಾ?

ಇನ್ನು ಒಂದು ವರ್ಷದ ಮಾತು. ಮೆಂಟರ್‌ಗಳ ಬಗ್ಗೆ, ಅಂದರೆ ಹೀಗೆ ಮಗುವಿನ ಜೊತೆ ನಿಲ್ಲುವ ದೊಡ್ಡವರ ಬಗ್ಗೆ, ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ಹೆಡ್‌ಮಾಸ್ಟರೂ ಓದಬೇಕು. ವರ್ಷಕ್ಕಿಂತ ಜಾಸ್ತಿ ಮೆಂಟರ್ ಜೊತೆಗಿದ್ದ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಸಂಬಂಧ ಮುರಿದುಬಿದ್ದವರಲ್ಲಿ ತಮ್ಮ ಮೇಲಿನ ನಂಬಿಕೆಯೇ ಕುಸಿದಿತ್ತು. ಎರಡು ಸಲ ಕೂರಿಸಿ ಮಾತಾಡಿಸಿ, ಫೋಟೋ ತೆಗೆಸಿಕೊಂಡು ಮಾಯವಾಗುವ ಮೆಂಟರ್ ನಮಗೆ ಬೇಡ. ಅರ್ಧಕ್ಕೆ ಕೈಬಿಡುವ ಹಾಗಿದ್ದರೆ ಶುರುವೇ ಮಾಡಬೇಡಿ.

ಆ ಮೆಂಟರ್ ಮಾಡುವ ಕೆಲಸ ಉಪದೇಶ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಎಷ್ಟೋ ಮಕ್ಕಳನ್ನು ವೀಕ್ಷಣಾಲಯದಿಂದ ಮನೆಗೆ ಕಳಿಸುವಾಗ ‘ದಿನಾ ಶಾಲೆಗೆ ಹೋಗಬೇಕು’ ಅಂತ ಷರತ್ತು ಹಾಕಿರುತ್ತಾರೆ. ಆದರೆ ವಿಚಾರಣೆಯ ದಿನಾಂಕ ಬೀಳುವುದು ಶಾಲೆ ಇರುವ ದಿನವೇ. ಮನೆಗೆ ಬಂದ ಮಗುವಿನ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಯನ್ನು ನೋಡುವುದೂ ಶಾಲೆಯ ಹೊತ್ತಿನಲ್ಲೇ. ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿ ಅಂತಲೇ ಬೀಳುತ್ತದೆ. ನಾಳೆ ಅದೇ ಗೈರುಹಾಜರಿ ಷರತ್ತು ಮುರಿದದ್ದಕ್ಕೆ ಸಾಕ್ಷಿಯಾಗುತ್ತದೆ! ವಿಚಾರಣೆಯ ದಿನಾಂಕಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡು, ಹಾಜರಿಯನ್ನು ಸರಿಯಾಗಿ ದಾಖಲಿಸುವವರು ಒಬ್ಬರಿದ್ದರೆ ಈ ಬಲೆಗೆ ಮಗು ಬೀಳುವುದಿಲ್ಲ. ತಪ್ಪಿಹೋದ ಪಾಠವೂ ಹಾಗೇ. ಮೂರು ತಿಂಗಳು ಇಲ್ಲದವನು ಬಂದು ಕೂತಾಗ ಬೋರ್ಡ್ ಮೇಲೆ ಬೀಜಗಣಿತ ನಡೆಯುತ್ತಿರುತ್ತದೆ. ಅರ್ಥವಾಗಲಿಲ್ಲ ಅಂತ ಎಲ್ಲರೆದುರು ಕೈ ಎತ್ತುವುದಕ್ಕಿಂತ ಹಿಂದಿನ ಬೆಂಚಲ್ಲಿ ಗಲಾಟೆ ಮಾಡುವುದು ಅವನಿಗೆ ಸುಲಭ.

ಗುಟ್ಟು ಕಾಯುವುದೂ ಶಾಲೆಯದೇ ಜವಾಬ್ದಾರಿ. ಬಾಲನ್ಯಾಯದ ಬಗ್ಗೆ ವಿಶ್ವಸಂಸ್ಥೆ 1985ರಲ್ಲಿ ಒಪ್ಪಿದ ಬೀಜಿಂಗ್ ನಿಯಮಗಳು ಮಗುವಿನ ಗುರುತು ಹೊರಗೆ ಬೀಳಬಾರದು ಅನ್ನುತ್ತವೆ. ಬಂಧನದಲ್ಲಿರುವ ಮಕ್ಕಳ ಬಗ್ಗೆ ಅದೇ ವಿಶ್ವಸಂಸ್ಥೆ ಒಪ್ಪಿದ 1990ರ ಹವಾನಾ ನಿಯಮಗಳು ಇನ್ನೂ ಮುಂದೆ ಹೋಗಿವೆ. ಬಂಧನದಲ್ಲಿದ್ದಾಗ ಓದಿ ಪಡೆದ ಪ್ರಮಾಣಪತ್ರದಲ್ಲಿ, ಅದು ಅಲ್ಲಿ ಸಿಕ್ಕಿದ್ದು ಎಂಬ ಸುಳಿವೂ ಇರಬಾರದು ಅನ್ನುತ್ತವೆ. ಒಂದು ಕಾಗದದ ಬಗ್ಗೆಯೇ ಅಷ್ಟು ಎಚ್ಚರ ವಹಿಸಿದ್ದಾರೆ. ಸ್ಟಾಫ್‌ರೂಮಿನ ಬಾಯಿಗೂ ಅಷ್ಟೇ ಎಚ್ಚರ ಬೇಕು ಅಲ್ವಾ? ಯಾರಿಗೆ ಗೊತ್ತಿರಲೇಬೇಕೋ ಅವರಿಗೆ ಮಾತ್ರ ಗೊತ್ತಿರಲಿ.

ಮಕ್ಕಳನ್ನು ಜೈಲಿಗೆ ಕರೆದೊಯ್ದು ಹೆದರಿಸಿದರೆ ಸರಿಹೋಗುತ್ತಾರೆ ಅಂತ ನಂಬುವವರೂ ಇದ್ದಾರೆ. ಅಮೆರಿಕದಲ್ಲಿ 1970ರ ದಶಕದಿಂದ ಅದನ್ನು ಮಾಡಿ ನೋಡಿದ್ದಾರೆ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಪರಿಶೀಲಿಸಿದಾಗ, ಏನೂ ಮಾಡದೇ ಬಿಟ್ಟ ಮಕ್ಕಳಿಗಿಂತ ಹೆದರಿಸಿದ ಮಕ್ಕಳೇ ಹೆಚ್ಚು ತಪ್ಪು ಮಾಡಿದ್ದು ಕಂಡುಬಂತು. ದಯವಿಟ್ಟು ಅದನ್ನು ಬಿಟ್ಟುಬಿಡಿ.

ಉಳಿದ ಮಕ್ಕಳ ತಂದೆತಾಯಿಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆ ಮಗುವಿನಿಂದ ನೋವು ಉಂಡ ಇನ್ನೊಂದು ಮಗು ಅದೇ ಶಾಲೆಯಲ್ಲಿದ್ದರೆ ಅದರ ಸುರಕ್ಷತೆ ಮೊದಲು. ತರಗತಿ ಬೇರೆ ಮಾಡಬೇಕಾದರೆ ಮಾಡಿ, ಬೇರೆ ಶಾಲೆ ಹುಡುಕಬೇಕಾದರೆ ಹುಡುಕಿ. ಆದರೆ ಗೇಟಿನ ಹೊರಗೆ ನಿಲ್ಲಿಸಿದ ಮಗು ಮಾಯವಾಗಿಬಿಡುವುದಿಲ್ಲ. ಅದೇ ಬೀದಿಯಲ್ಲಿ, ಅದೇ ಸಹವಾಸದಲ್ಲಿ, ಕೇಳುವವರಿಲ್ಲದೆ ಇರುತ್ತದೆ.

ಶಿಕ್ಷಕರೇ, ಮೊದಲ ದಿನ ಆ ಮಗುವನ್ನು ಒಬ್ಬರೇ ಕೂರಿಸಿಕೊಂಡು ಕೇಳಿ, ‘ಇಲ್ಲಿ ನಿನಗೆ ಯಾರ ಹತ್ತಿರ ಮಾತಾಡೋಕೆ ಆಗುತ್ತೆ?’ ಅಂತ. ಉತ್ತರ ಪಿಟಿ ಮೇಷ್ಟ್ರು ಇರಬಹುದು, ಲೈಬ್ರರಿ ನೋಡಿಕೊಳ್ಳುವವರು ಇರಬಹುದು. ಯಾರೇ ಆಗಲಿ, ಅವರ ಕೆಲಸದಲ್ಲಿ ಇದಕ್ಕೆ ವಾರಕ್ಕೆ ಒಂದು ಗಂಟೆ ಬಿಡುವು ಮಾಡಿಕೊಡಿ. ಅವರಿಗೆ ವರ್ಗವಾದರೆ ಮಗುವಿಗೆ ಮೊದಲೇ ಹೇಳಿ, ಇನ್ನೊಬ್ಬರನ್ನೂ ಅದೇ ಆರಿಸಿಕೊಳ್ಳಲಿ.