ಎದೆಯ ಗಂಟು, ಫಾರ್ಮಲಿನ್ ಮತ್ತು ಒಂದು ಆ್ಯಂಟಿಬಾಡಿ

ಕೇಳುಗ ಬಂಧುಗಳೇ, ನಮಸ್ಕಾರ.

ಹುಬ್ಬಳ್ಳಿಯ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಸ್ಲೈಡ್ ನೋಡುವುದು ನನ್ನ ಕೆಲಸ. ಗದಗ, ಹಾವೇರಿ, ನವಲಗುಂದ, ಶಿಗ್ಗಾವಿ ಕಡೆಯಿಂದ ಆಪರೇಷನ್ ಮಾಡಿ ತೆಗೆದ ಗಂಟುಗಳು ನಮ್ಮಲ್ಲಿಗೆ ಬರುತ್ತವೆ. ಎಷ್ಟೋ ಗಂಟುಗಳು ಸರಿಯಾಗಿ, ತುಣುಕು ಕೆಡದಂತೆ ಕಾಯುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ಮುಳುಗಿ ಬರುತ್ತವೆ. ಕೆಲವು ಬರೀ ಸಲೈನ್‌ನಲ್ಲಿ, ಕೆಲವು ಸಣ್ಣ ಬಾಟಲಿಯೊಳಗೆ ತುರುಕಿಸಿಕೊಂಡು, ಮಾರನೇ ದಿನ ಬಸ್ಸಿನಲ್ಲಿ ಬರುತ್ತವೆ. ತಂದುಕೊಡುವ ಅಣ್ಣನದೋ ಮಗನದೋ ಏನೂ ತಪ್ಪಿಲ್ಲ. ಅವರಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳಲಿಕ್ಕೇ ಇವತ್ತು ಬಂದಿದ್ದೇನೆ.

ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಸ್ತನ ಕ್ಯಾನ್ಸರ್. ಆ ಗಂಟಿನ ಜೀವಕೋಶಗಳಲ್ಲಿ ಬಹಳ ಸಲ ಒಂದು ಪ್ರೋಟೀನ್ ಇರುತ್ತದೆ. ಈಸ್ಟ್ರೋಜನ್ ರಿಸೆಪ್ಟರ್ ಅಂತ ಅದರ ಹೆಸರು. ಚಿಕ್ಕದಾಗಿ ಇಆರ್. ಮೈಯಲ್ಲಿ ಹರಿಯುವ ಈಸ್ಟ್ರೋಜನ್ ಹಾರ್ಮೋನು ಬಂದು ಇದಕ್ಕೆ ಅಂಟಿಕೊಂಡಾಗ, ಇದು ಹೋಗಿ ಡಿಎನ್‌ಎಯನ್ನು ಹಿಡಿಯುತ್ತದೆ. ಹಿಡಿದು, ಜೀವಕೋಶ ಬೆಳೆಯಲಿಕ್ಕೆ ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ. ಟ್ಯಾಮಾಕ್ಸಿಫೆನ್ ಮಾತ್ರೆ ಮಾಡುವುದು ಇಷ್ಟೇ: ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿದ ಹಾಗೆ ಈಸ್ಟ್ರೋಜನ್ ಕೂರುವ ಜಾಗವನ್ನು ಹಿಡಿದುಬಿಡುತ್ತದೆ. ದುಬಾರಿ ಮಾತ್ರೆ ಅಲ್ಲ. ಇಆರ್ ಇದ್ದವರು 5 ವರ್ಷ ತಪ್ಪದೆ ನುಂಗಿದರೆ ಈ ರೋಗದಿಂದ ಸಾಯುವವರ ಪ್ರಮಾಣ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಆದರೆ ಇಆರ್ ಇಲ್ಲದ ಗಂಟಿಗೆ ಇದರಿಂದ ಉಪಯೋಗ ಇಲ್ಲ. ಹಾಗಾಗಿ ಇದೆಯೋ ಇಲ್ಲವೋ ಅನ್ನುವುದು ಖಚಿತ ಆಗಲೇಬೇಕು.

ಈ ಪ್ರೋಟೀನನ್ನು 1950ರ ದಶಕದ ಕೊನೆಯಲ್ಲಿ ಪತ್ತೆ ಮಾಡಿದವರು ಷಿಕಾಗೋದ ಎಲ್ವುಡ್ ಜೆನ್ಸನ್. ಆಗಿನ ಪರೀಕ್ಷೆಗೆ ದೊಡ್ಡ ತುಣುಕು ಬೇಕಿತ್ತು. ತೆಗೆದ ಕೂಡಲೇ ಹೆಪ್ಪುಗಟ್ಟಿಸಿ, ಅರೆದು, ವಿಕಿರಣ ಸೂಸುವ ಹಾರ್ಮೋನು ಬೆರೆಸಿ ಅಳೆಯಬೇಕಿತ್ತು. ಸಣ್ಣ ಊರಿನ ಆಸ್ಪತ್ರೆಗೆ ಎಟುಕುವ ಕೆಲಸವೇ ಅಲ್ಲ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಯ ಆ್ಯಂಟಿಬಾಡಿಯನ್ನು, ಅಂದರೆ ತನ್ನ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನನ್ನು, ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ದಾರಿಯಲ್ಲಿ ಜೆನ್ಸನ್ ಮತ್ತು ಅವರ ಜೊತೆಗಾರ ಜೆಫ್ರಿ ಗ್ರೀನ್ ಇಆರ್‌ಗೆ ಆ್ಯಂಟಿಬಾಡಿ ಮಾಡಿದರು. ಈಗ ಇಲಿಯಿಂದಲೋ ಮೊಲದಿಂದಲೋ ಬಂದ ಆ್ಯಂಟಿಬಾಡಿ ಪುಟ್ಟ ಬಾಟಲಿಯಲ್ಲಿ ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲೇ ಇರುತ್ತದೆ.

ಮೇಣದಲ್ಲಿ ಕೂರಿಸಿದ ತುಣುಕನ್ನು ನಾವು ಮೂರು-ನಾಲ್ಕು ಮೈಕ್ರಾನ್ ತೆಳುವಾಗಿ ಸೀಳಿ ಗಾಜಿಗೆ ಹಚ್ಚುತ್ತೇವೆ. ಬಿಸಿ ದ್ರಾವಣದಲ್ಲಿ ಇಟ್ಟು, ಆಮೇಲೆ ಆ್ಯಂಟಿಬಾಡಿ ಹಾಕುತ್ತೇವೆ. ಇಆರ್ ಇರುವ ಕಡೆ ಅದು ಅಂಟುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಕೊನೆಗೆ ಬಣ್ಣ. ಇಆರ್ ಇದ್ದರೆ ಜೀವಕೋಶದ ನಡುವಿನ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ನೀಲಿಯಾಗೇ ಉಳಿಯುತ್ತದೆ. ನೂರರಲ್ಲಿ ಒಂದು ಜೀವಕೋಶ ಕಂದಾದರೂ ಪಾಸಿಟಿವ್ ಅಂತಲೇ ಲೆಕ್ಕ. ಹತ್ತರವರೆಗೆ ಮಾತ್ರ ಇದ್ದರೆ ‘ಕಡಿಮೆ ಪಾಸಿಟಿವ್’ ಅಂತ ಬೇರೆಯಾಗಿ ಬರೆಯುತ್ತೇವೆ.

ಪೂರ್ತಿ ನೀಲಿ ಕಂಡರೆ ನಾನು ತಕ್ಷಣ ನೆಗೆಟಿವ್ ಅಂತ ಬರೆಯುವುದಿಲ್ಲ. ಅದೇ ಸ್ಲೈಡಿನ ಅಂಚಿನಲ್ಲಿ, ಕ್ಯಾನ್ಸರ್ ಮುಟ್ಟದ ಹಾಲಿನ ನಾಳಗಳು ಇವೆಯೇ ಅಂತ ಹುಡುಕುತ್ತೇನೆ. ಅವುಗಳ ಕೆಲವು ಜೀವಕೋಶಗಳಲ್ಲಿ ಇಆರ್ ಇದ್ದೇ ಇರುತ್ತದೆ. ಅವೂ ನೀಲಿಯಾಗಿದ್ದರೆ ಆ ಉತ್ತರವನ್ನು ನಂಬಲಾಗುವುದಿಲ್ಲ. ತುಣುಕು ದಾರಿಯಲ್ಲೇ ಕೆಟ್ಟಿರಬಹುದು. ಇಂಥ ಸ್ಲೈಡ್ ನೋಡುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಆ ತಾಯಿಗೆ ಸಿಗಬೇಕಾದ ಮಾತ್ರೆ ಒಂದು ಬಾಟಲಿ ಫಾರ್ಮಲಿನ್ ಇಲ್ಲದೆ ತಪ್ಪಿಹೋಗಬಹುದು, ಅಲ್ವಾ?

ಅದಕ್ಕೇ ಕೇಳಿಕೊಳ್ಳುತ್ತೇನೆ. ಗಂಟು ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್‌ಗೆ ಬೀಳಬೇಕು. ಅಗಲ ಬಾಯಿಯ ಡಬ್ಬಿ, ಗಂಟಿನ ಹತ್ತು ಪಟ್ಟು ಫಾರ್ಮಲಿನ್. ದೊಡ್ಡ ಗಂಟಾದರೆ ಡಾಕ್ಟರು ಸೀಳಿ ಹಾಕಬೇಕು, ಇಲ್ಲದಿದ್ದರೆ ಒಳಗೆ ಇಳಿಯುವುದಿಲ್ಲ. ಅದರಲ್ಲಿ ಇರಬೇಕಾದದ್ದು ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ. ಶನಿವಾರ ತೆಗೆದದ್ದನ್ನು ಹಬ್ಬ ಮುಗಿಸಿ ಬುಧವಾರ ತರಬೇಡಿ. ‘ಫಾರ್ಮಲಿನ್‌ನಲ್ಲಿ ಹಾಕಿದ್ದೀರಾ ಸರ್, ಎಷ್ಟು ಗಂಟೆಗೆ?’ ಅಂತ ಮನೆಯವರು ಕೇಳಬಹುದು. ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’ ಅಂತ ಓದಿ ಅಳುತ್ತಾ ಬರುವವರನ್ನು ನೋಡಿದ್ದೇನೆ. ಅಕ್ಕಂದಿರೇ, ಅದು ಸಮಾಧಾನದ ಸುದ್ದಿ. ನಿಮ್ಮ ಗಂಟಿಗೆ ಮಾತ್ರೆ ಕೆಲಸ ಮಾಡುವ ಸಾಧ್ಯತೆ ಇದೆ ಅಂತ ಅರ್ಥ.

ಮುಂದೆ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕಿಮ್ಸ್‌ಗೋ ಹೋಗುವುದಾದರೆ, ರಿಪೋರ್ಟ್ ಜೊತೆ ಗಂಟಿನ ತುಣುಕು ಕೂರಿಸಿದ ಮೇಣದ ಬ್ಲಾಕನ್ನೂ ಲ್ಯಾಬಿನಲ್ಲಿ ಕೇಳಿ ತೆಗೆದುಕೊಳ್ಳಿ. ವರ್ಷಗಟ್ಟಲೆ ಹಳೆಯ ಬ್ಲಾಕಿನಿಂದಲೂ ಈ ಪರೀಕ್ಷೆ ಆಗುತ್ತದೆ. ತಂಪು ಜಾಗದಲ್ಲಿ ಇಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ.

ನಮಸ್ಕಾರ.